ಶೂನ್ಯಮಾಸದ ಲೆಕ್ಕ

'ಬ್ಲ್ಯಾಕ್ ಬೆಲ್ಟಿಗೆ ಎಷ್ಟು ವರ್ಷ ಆಯ್ತದೆ ಸಾರ್?'
ಬುಲೆಟ್ಟಿನ ಸದ್ದು ನಿಲ್ಲಿಸದೆಯೇ ಕೇಳಿದರು ಒಬ್ಬರು,
ಟ್ಯಾಂಕಿನ ಮೇಲೆ ಮಗ, ಮಗನ ಕೈಲಿ ಐಸ್‌ಕ್ಯಾಂಡಿ.
ಮುಬಾರಕ್ ಮಾಸ್ಟ್ರು ಮೋಟಾರು ರಿವೈಂಡಿಂಗ್ ಅಂಗಡಿಯಿಂದ
ಆಗಷ್ಟೇ ಬಂದವರು, ಉಗುರಲ್ಲಿ ವಾರ್ನಿಶ್ಶು;
ನನ್ನತ್ತ ಬೆರಳು ತೋರಿದರು:
'ಜವರಣ್ಣನ್ನ ಕೇಳಿ, ಈ ವರ್ಷ ಮದುವೆ ಎಷ್ಟವೆ ಅಂತ.'

ತಮಾಷೆಯಲ್ಲ.
ಗುತ್ತಲು ರಸ್ತೆಯ ಈ ಛತ್ರದ ಬೀಗದಕೈ ನನ್ನ ಸೊಂಟದಲ್ಲಿ,
ಬುಕಿಂಗ್ ಪುಸ್ತಕ ನನ್ನ ತಲೆದಿಂಬಿನಡಿ.
ಊಟದ ಮನೆ ಖಾಲಿಯಿದ್ದ ಸಂಜೆ ಮಾತ್ರ ಕರಾಟೆ.
ಮಾಘದಲ್ಲಿ ಎರಡು ದಿನ ಸಿಕ್ಕರೆ ಪುಣ್ಯ,
ವೈಶಾಖ ಪೂರ್ತಿ ಓಲಗದವರದ್ದು.
ಆಷಾಢ ಬಂತೋ,
ಹೊಸ ಸೊಸೆಯರೆಲ್ಲ ತವರಿಗೆ,
ನಲವತ್ತು ಮಕ್ಕಳು ನನ್ನ ನೆಲಕ್ಕೆ.
ಊರಿಗೆ ಶುಭವಿಲ್ಲದ ತಿಂಗಳು
ಇಲ್ಲಿ ಕಾಲೆತ್ತುವ, ಕೂಗು ಹಾಕುವ ತಿಂಗಳು.
ಎಷ್ಟು ಗುಡಿಸಿದರೂ ಉಳಿದ ಅಕ್ಷತೆ ಕಾಳು
ಅಂಗಾಲಿಗೊತ್ತಿ,
ಕುದುರೆ ನಿಲುವಿನಲ್ಲಿ ನಿಂತ ಮಕ್ಕಳು
ತುಟಿ ಕಚ್ಚುತ್ತವೆ.

ಸಿಂಚನ ಬಂದದ್ದು ಹಿಂಬಾಗಿಲಿಂದ.
ಅವಳವ್ವ ಸಣ್ಣತಾಯಮ್ಮ ಪಾತ್ರೆ ತೊಳೆಯುವವಳು.
ಏಳು ವರ್ಷದ್ದು, ಮೆಟ್ಟಿಲ ಕೆಳಗೆ ಕೂತು
ನಿನ್ನೆ ಮದುವೆಯ ಜಹಾಂಗೀರು ತಿನ್ನುತ್ತ ನೋಡುತ್ತಿತ್ತು;
ಒಂದು ದಿನ ತಿನ್ನುವುದು ನಿಲ್ಲಿಸಿ ಎದ್ದು ನಿಂತಿತು.
ಬಿಳಿ ಬೆಲ್ಟು ಮೂರು ಸುತ್ತು ಸುತ್ತಿದರೂ
ತುದಿ ಮಂಡಿ ಮುಟ್ಟುತ್ತಿತ್ತು.

ಹಳದಿಗೆ ಒಂದು ಆಷಾಢ. ಹಸಿರಿಗೆ ಇನ್ನೆರಡು.
ಬುಲೆಟ್ಟಿನವರ ಮಗ ಹಳದಿ ಕಟ್ಟಿ, ಫೋಟೋ ತೆಗೆಸಿ,
ಆಮೇಲೆ ಕ್ರಿಕೆಟ್ಟಿಗೆ ಹೋದ.
ಕಾವೇರಿ ಗಲಾಟೆಯ ವರ್ಷ ಹೆದ್ದಾರಿಯಲ್ಲಿ ಟೈರು ಉರಿದು
ಎಷ್ಟೋ ದಿನ ಊರೇ ಕದ ಹಾಕಿತು.
ಕೊರೋನಾದಲ್ಲಿ ಮದುವೆಯೂ ಇಲ್ಲ, ಕ್ಲಾಸೂ ಇಲ್ಲ;
ಯಜಮಾನರು ಬಾಗಿಲಿಗೆ ಬೀಗ ಹಾಕು ಅಂದರು, ಹಾಕಿದೆ.
ಕಿಟಕಿಯ ಮಾತು ಅವರು ಆಡಲಿಲ್ಲ.
ಸಂಜೆ ಸಂಜೆ ಒಳಗಿನಿಂದ ಬರುತ್ತಿದ್ದ ಒಂದೇ ಜೋಡಿ ಪಾದದ ಸದ್ದು
ಬೀದಿ ನಾಯಿಗೂ ಅಭ್ಯಾಸವಾಯಿತು.

ಕಂದು ಬೆಲ್ಟಿನಲ್ಲಿ ಎರಡು ಸಲ ಫೇಲು.
ಮೊದಲ ಸಲ ಕಟಾದ ನಡುವೆ ಮರೆತು
ಬಲಕ್ಕೆ ತಿರುಗಬೇಕಾದಲ್ಲಿ ಗೋಡೆಗೆ ತಿರುಗಿದಳು.
ಎರಡನೇ ಸಲ ಏನೂ ಮರೆಯಲಿಲ್ಲ.
'ನೆನಪಿಟ್ಕೊಂಡು ಮಾಡ್ದೆ, ಅದೇ ತಪ್ಪು' ಅಂದರು ಮಾಸ್ಟ್ರು.
ಅವಳಿಗೆ ಅರ್ಥವಾಗಲಿಲ್ಲ. ನನಗೂ ಇಲ್ಲ.
ಆ ವರ್ಷವಿಡೀ ಯಾರ ಜೊತೆಗೂ ಮಾತಿಲ್ಲದೆ
ಅವ್ವನ ಪಕ್ಕ ಹಂಡೆ ಉಜ್ಜಿದಳು.

ಹತ್ತು ಆಷಾಢ ದಾಟಿ, ಶ್ರಾವಣದ ಮೊದಲ ಭಾನುವಾರ
ಮೈಸೂರಿನಲ್ಲಿ ಪರೀಕ್ಷೆ.
ಬೆಳಗಿನ ರೈಲಿಗೆ ಹೋದವಳು ರಾತ್ರಿ ರೈಲಿಗೆ ಬಂದಳು,
ಹುಬ್ಬಿನ ಮೇಲೆ ಪ್ಲಾಸ್ಟರು, ಕೈಲೊಂದು ಕವರು.
ಛತ್ರದಲ್ಲಿ ಆರತಕ್ಷತೆ, ಸೀರಿಯಲ್ ಸೆಟ್ಟು ಮಿಣುಕುತ್ತಿತ್ತು.
ಮತ್ತೆ ಹಿಂಬಾಗಿಲಿಂದಲೇ ಒಳಗೆ.
ಸಣ್ಣತಾಯಮ್ಮ ಕೈ ತೊಳೆದು, ಸೆರಗಿಗೆ ಒರೆಸಿ,
ಆಮೇಲೆ ಮುಟ್ಟಿದಳು.
'ಇಷ್ಟೇ ಅಗಲವಾ?'

ನಾನು ಪುಸ್ತಕ ತೆಗೆದೆ.
ಆ ತಾರೀಖಿನ ಪುಟದಲ್ಲಿ ವಧುವಿನ ಹೆಸರಿನ ಕೆಳಗೆ
ಸಿಂಚನ ಅಂತ ಬರೆದೆ.
ವರನ ಸಾಲಿಗೆ ಸುಮ್ಮನೊಂದು ಗೀಟು.

ಪಾತ್ರೆ ರಾಶಿಯ ನಡುವೆ, ಬಚ್ಚಲ ಬಲ್ಬಿನ ಬೆಳಕಲ್ಲಿ,
ಚೂಡಿದಾರದ ಮೇಲೆಯೇ ಕಟ್ಟಿಕೊಂಡಳು.
ಗಂಟು ನಿಲ್ಲಲಿಲ್ಲ, ಜಾರಿತು.
ಮತ್ತೆ ಕಟ್ಟಿದಳು. ಮತ್ತೆ.
'ಹೊಸ ಬಟ್ಟೆ, ಗಂಜಿ ಹೋಗ್ಬೇಕು.
ತತ್ತಾ, ನಾಕು ಸಲ ಒಗೆದು ಕೊಡ್ತೀನಿ.'
'ಒಗೀಬಾರದಂತೆ ಕಣವ್ವ.
ಕಟ್ಟಿ ಕಟ್ಟಿಯೇ ಮೆತ್ತಗಾಗ್ಬೇಕಂತೆ.'
'ಅಯ್ಯೋ, ಅದಕ್ಕಿನ್ನೆಷ್ಟು ವರ್ಷವೋ!'

ಹಂಡೆ ತುಂಬಿ ಹರಿಯುತ್ತಿತ್ತು, ನಲ್ಲಿ ನಿಲ್ಲಿಸಿದೆ.
ಊಟದ ಮನೆಯಲ್ಲಿ ಮೂರನೇ ಪಂಕ್ತಿ ಏಳುವ ಸದ್ದು.
ಬೆಲ್ಟು ಬಿಚ್ಚದೆ ಅವಳು
ತೋಳು ಮಡಚಿದಳು.