ದುಭಾಷಿಯ ಗೂಡಿನಿಂದ

ಸಮುದಾಯ ಭವನದ ಮೂಲೆ, ಕಾಫಿ ಯಂತ್ರದ ಪಕ್ಕ
ಪ್ಲೈವುಡ್ಡಿನ ನನ್ನ ಗೂಡು:
ಒಂದು ಮೈಕು, ಒಂದು ಗಾಜಿನ ಕಿಂಡಿ, ಒಂದು ಲೋಟ ನೀರು.
ಹೊರಗೆ ಮೈನಸ್ ಮೂವತ್ತೊಂದು.
ಒಳಗೆ ಜಲಮಂಡಳಿಯ ಐವರು, ಗಣಿ ಯೋಜನೆಯ ಎಂಜಿನಿಯರುಗಳು,
ಮಡಚುವ ಕುರ್ಚಿಗಳಲ್ಲಿ ನಮ್ಮ ಹಿರಿಯರು,
ಕೋಟು ಬಿಚ್ಚದೆ.

ಇಂಗ್ಲಿಷಿನಲ್ಲಿ ಬಂದದ್ದನ್ನು ನಮ್ಮ ಡೆನೆ ಮಾತಿಗೆ ಇಳಿಸಬೇಕು,
ತಡಮಾಡದೆ, ಸೇರಿಸದೆ, ಏನನ್ನೂ ಇಟ್ಟುಕೊಳ್ಳದೆ.
ಗಂಟೆಗಿಷ್ಟು ಎಂದು ಕೂಲಿ.

"ಕಲುಷಿತ ಅಂತರ್ಜಲ" ಎಂದರು.
ನಾನಂದೆ: ಬಂಡೆಯೊಳಗೆ ನಡೆಯುವ ನೀರು,
ಚಿನ್ನ ತೆಗೆದವರು ನೆಲದಡಿ ಬಿಟ್ಟುಹೋದ
ಬಿಳಿ ಪುಡಿಯನ್ನು ಮುಟ್ಟಿ ಬಂದದ್ದು.
ಅವರದು ಎರಡು ಪದ, ನನಗೆ ಉಸಿರು ಸಾಲಲಿಲ್ಲ.

"ಸಂಸ್ಕರಿಸಿದ" ಎಂದರು.
ತೊಳೆದ ನೀರು, ಎಂದೆ.
ಮುಂದಿನ ಸಾಲಿನ ಸೆಲಿನ್ ಅಜ್ಜಿ ಹೆಡ್‌ಫೋನು ಸರಿಸಿ
ಪಕ್ಕದವಳ ಕಡೆ ತಿರುಗಿದಳು. ಕಿಂಡಿಯಿಂದ ತುಟಿ ಓದಿದೆ:
ನೀರನ್ನು ಯಾವುದರಿಂದ ತೊಳೆಯುತ್ತಾರೆ?

"ನೂರು ಕೋಟಿಗೆ ಹತ್ತು ಭಾಗ, ಅದೇ ಮಿತಿ."
ಇದಕ್ಕೆ ನಾನು ರಾತ್ರಿಯೇ ಅಡುಗೆಮನೆಯಲ್ಲಿ ಕೂತು
ಮಗನ ನೋಟುಪುಸ್ತಕದಲ್ಲಿ ಲೆಕ್ಕ ಹಾಕಿದ್ದೆ:
ನೂರು ಡ್ರಮ್ಮು ನೀರಿಗೆ ಒಂದು ಚಿಟಿಕೆ, ಎಂದೆ.
ಯಾರ ಬೆರಳಿನ ಚಿಟಿಕೆ ಎಂದು ಹೇಳಲಿಲ್ಲ.

"ಅರ್ಥಮಾಡಿಕೊಳ್ಳೋದು ನೀರು ಕುಡಿದಷ್ಟು ಸುಲಭ"
ಎಂದ ಎಂಜಿನಿಯರ್ ಲಿಂಡ್‌ಕ್ವಿಸ್ಟ್, ನಕ್ಕು.
ಒಳ್ಳೆಯ ಹುಡುಗ. ಚಳಿಗೆ ಒಡೆದ ಮುಂಗೈ.
ಆ ಮಾತನ್ನು ಇಳಿಸಲಿಲ್ಲ ನಾನು. ಕೆಮ್ಮಿದೆ.

ಅಮ್ಮನ ಕಾಲಕ್ಕೆ ಮನೆ ಮುಂದಿನ ಹಿಮವನ್ನೇ
ಕೆಟಲಿಗೆ ತುಂಬಿ ಕರಗಿಸುತ್ತಿದ್ದರು.
ಚಿಮಣಿಯ ಗಾಳಿ ಈ ಕಡೆ ಬೀಸಿದ ಒಂದು ವಸಂತ
ಅವಳ ತಮ್ಮ, ಎರಡು ವರ್ಷದವನು, ತೀರಿಕೊಂಡ.
ಹಿಮದ ರುಚಿ ಬದಲಾಗಿರಲಿಲ್ಲವಂತೆ.
ಅಮ್ಮ ಕೊನೆವರೆಗೂ ಅದನ್ನೇ ಹೇಳುತ್ತಿದ್ದಳು,
ರುಚಿ ಬದಲಾಗಿರಲಿಲ್ಲ, ರುಚಿ ಬದಲಾಗಿರಲಿಲ್ಲ.

ಊಟದ ನಂತರ ಮೊದೆಸ್ತ್ ಎದ್ದ. ಎಂಬತ್ತಮೂರು.
ಮೈಕನ್ನು ಮೀನಿನಂತೆ ಕತ್ತು ಹಿಡಿದು ಎತ್ತಿದ.
ಪೈಪು ಚಳಿಗಾಲವೆಲ್ಲ ಹರಿಯುತ್ತದೋ?
"ಹೌದು."
ಕೊಲ್ಲಿಯ ಮಂಜುಗಡ್ಡೆಯ ಅಡಿಗೆ?
"ಹೌದು, ಅಲ್ಲಿ ಚೆನ್ನಾಗಿ ಬೆರೆಯುತ್ತದೆ."
ನೀರು ಎಷ್ಟು ಬೆಚ್ಚಗಿರುತ್ತದೆ?

ಪುಟಗಳು ಮಗುಚಿದವು.
ಆರ್ಸೆನಿಕ್ಕಿಗೆ ನಲವತ್ತು ಪುಟವಿತ್ತು,
ಮೀನಿನ ಪಿತ್ತಕೋಶಕ್ಕೆ ಒಂದು ಅನುಬಂಧ,
ಪೈಪಿನ ಬಾಯಿಗೆ ಬಣ್ಣದ ನಕ್ಷೆ ಮೂರು.
ಲಿಂಡ್‌ಕ್ವಿಸ್ಟನ ಕಿವಿ ಕೆಂಪಾಯಿತು.

ಮೊದೆಸ್ತ್ ನುಡಿದ, ನಾನು ಇಂಗ್ಲಿಷಿಗೆ ಏರಿಸಿದೆ:
ಡಿಸೆಂಬರಿನಲ್ಲಿ ನನ್ನ ಬಲೆಯ ದಾರಿ ಅದೇ.
ಮೊಮ್ಮಗಳು ಕತ್ತಲಲ್ಲಿ ಸ್ನೋಮೊಬೈಲಿನಲ್ಲಿ ಬರುತ್ತಾಳೆ,
ಹಿಂದೆ ಸ್ಲೆಡ್ಜು, ಅದರ ಮೇಲೆ ನಾನು.
ವಿಷ ನಿಧಾನ, ಅದರ ಜೊತೆ ಬಾಳಿ ನಮಗೆ ರೂಢಿ.
ತೆಳು ಮಂಜುಗಡ್ಡೆ ನಿಧಾನವಲ್ಲ.

ಕಾಫಿ ಯಂತ್ರ ಮಾತ್ರ ಗೊರಗೊರ ಅನ್ನುತ್ತಿತ್ತು.

ಅಧ್ಯಕ್ಷೆ ಕನ್ನಡಕ ಏರಿಸಿ ಓದಿದರು:
"ಮಾಹಿತಿ ಕೋರಿಕೆ, ಸಂಖ್ಯೆ ಹದಿನಾಲ್ಕು.
ಹೊರಬಿಡುವ ನೀರಿನ ಉಷ್ಣಾಂಶ, ತತ್ಪರಿಣಾಮವಾಗಿ
ಮಂಜುಗಡ್ಡೆಯ ದಪ್ಪದಲ್ಲಾಗಬಹುದಾದ ವ್ಯತ್ಯಾಸ.
ಉತ್ತರಕ್ಕೆ ಅರವತ್ತು ದಿನ.
ಅಲ್ಲಿಯವರೆಗೆ ಪರಿಶೀಲನೆ ತಡೆಹಿಡಿಯಲಾಗಿದೆ."

ನಾನಂದೆ: ನಿನ್ನ ಪ್ರಶ್ನೆ ಬರೆದುಕೊಂಡರು, ಮಾವ.
ಉತ್ತರ ಹದ್ದು ಮರಳುವ ತಿಂಗಳಿಗೆ.

ಅವನು ಇನ್ನೂ ನಿಂತೇ ಇದ್ದ.
ಪೆನ್ಸಿಲ್ಲಿನಲ್ಲಿ ಬರೆದರೋ, ಪೆನ್ನಿನಲ್ಲೋ?

ಕಿಂಡಿಯಲ್ಲಿ ಇಣುಕಿದೆ. ಗಾಜಿನ ತುಂಬ ನನ್ನದೇ ಉಸಿರು.
ತೋಳಿನಿಂದ ಒರೆಸಿ ಮತ್ತೆ ನೋಡಿದೆ.

ಪೆನ್ಸಿಲ್ಲು, ಎಂದೆ.

ಒಳ್ಳೆಯದು, ಎಂದು ಕೂತ ಮೊದೆಸ್ತ್.
ಈ ಚಳಿಗೆ ಶಾಯಿ ಹೆಪ್ಪುಗಟ್ಟುತ್ತೆ.