ಹಿಮ್ಮಡಿ

ಟೌನೊ ತೀರಿಕೊಂಡ ಮರುವರ್ಷ ಅವನ ಲೇತ್ ನನ್ನ ಗ್ಯಾರೇಜಿಗೆ ಬಂತು.
ಆರು ಜನ, ಎರಡು ಹಲಗೆ, ಒಂದಿಷ್ಟು ಬೈಗುಳ.
ರೌಮಾ ಬಂದರಿನ ಅಂಚಿಗೆ ಆ ವಾರ ಕಡಲು ಹೆಪ್ಪುಗಟ್ಟಿತ್ತು.
ಜೊತೆಗೊಂದು ಡ್ರಾಯರು: ಎಣ್ಣೆ ಕುಡಿದ ಹಳೆಯ ಪತ್ರಿಕೆಗಳಲ್ಲಿ
ಒಂದೊಂದಾಗಿ ಸುತ್ತಿಟ್ಟ ಹನ್ನೊಂದು ಟೂಲ್ ಬಿಟ್ಟು,
ಕಿರುಬೆರಳುದ್ದದ ಉಕ್ಕು.

"ಭಾನುವಾರವಿಡೀ ಅದೇ ಸದ್ದು," ಎಂದಳು ಸಿರ್ಕ್ಕಾ,
"ಏನೋ ದೊಡ್ಡದನ್ನೇ ಮಾಡುತ್ತಿದ್ದಾನೆ ಅಂದುಕೊಂಡಿದ್ದೆ."

ನಾನು ಅಂಚೆ ವ್ಯಾನು ಓಡಿಸುವವಳು.
ನನಗೆ ಗೊತ್ತಿದ್ದದ್ದು ಬೀದಿ, ನಾಯಿ, ಜಾರುವ ತಿರುವು.
ಡಿಗ್ರಿ ಅಂದರೆ ಚಳಿ ಎಷ್ಟು ಅನ್ನುವುದು, ಅಷ್ಟೆ.

ಹೊಸ ತುಂಡೊಂದನ್ನು ತಿರುಗುವ ಸಾಣೆಗೆ ಒತ್ತಿದೆ.
ಒಂದೇ ಓರೆ ಬೇಕಿತ್ತು; ಐದಾರು ಬಂದವು,
ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು.
ಕೈ ಕೂದಲೆಳೆಯಷ್ಟು ಅಲುಗಿದರೂ
ಉಕ್ಕು ಬರೆದಿಟ್ಟುಕೊಳ್ಳುತ್ತದೆ, ಮರೆಯುವುದಿಲ್ಲ.
ಬೆರಳು ಸುಟ್ಟಾಗ ಅದ್ದಲು ಸೌತೆ ಉಪ್ಪಿನಕಾಯಿಯ ಡಬ್ಬಿ,
ಅದರಲ್ಲಿ ನೀರು, ನೀರಿನ ಮೇಲೆ ಮಂಜಿನ ಬಿಲ್ಲೆ.
ಮೊದಲು ಮಂಜನ್ನು ಒಡೆ,
ಆಮೇಲೆ ಬೆಂಕಿಯನ್ನು ಆರಿಸು.

ಸೋತು, ಟೌನೊನ ಬಿಟ್ಟೊಂದನ್ನು ಲೇತಿಗೆ ಕಚ್ಚಿಸಿದೆ.
ಗುರುವಿನ ಕೈಯದಲ್ಲವೆ?
ಅದು ಕಿರುಚಿತು. ಕೊರೆಯಲಿಲ್ಲ, ಉಜ್ಜಿತು.
ಸರಳು ಬಿಸಿಯಾಯಿತು, ಹೊಳೆಯಿತು, ಒಂದಿಷ್ಟೂ ಸವೆಯಲಿಲ್ಲ.
ತಪ್ಪು ನನ್ನದೇ ಎಂದು ಇಡೀ ಫೆಬ್ರವರಿ
ಸ್ಕ್ರೂ ಬಿಗಿದೆ, ಸ್ಕ್ರೂ ಸಡಿಲಿಸಿದೆ.

ಹಡಗು ಕಟ್ಟೆಯಲ್ಲಿ ನಲವತ್ತು ವರ್ಷ ಲೇತ್ ತಿರುಗಿಸಿದ ಎನ್ಸಿಯೊ
ಪತ್ರ ಪಡೆಯಲು ಬಾಗಿಲಿಗೆ ಬಂದಾಗ
ಜೇಬಿಂದ ತೆಗೆದು ತೋರಿಸಿದೆ.
ಕನ್ನಡಕ ಹಣೆಗೇರಿಸಿ, ಬೆಳಕಿಗೆ ಹಿಡಿದ.
"ಹಿಮ್ಮಡಿ ನೋಡು. ಮೊನೆಗಿಂತ ಮುಂದೆ ನಿಂತಿದೆ.
ಹೊಟ್ಟೆ ಮುಂದಿರುವವನು ಮೂಗನ್ನು ಗೋಡೆಗೆ ತಾಗಿಸಬಲ್ಲನೆ?
ಮೊನೆ ಒಂದೇ ಮುಟ್ಟಬೇಕು ಮಾರಾಯ್ತಿ,
ಮಿಕ್ಕದ್ದೆಲ್ಲ ಹಿಂದೆ ಸರಿಯಬೇಕು."
ಮತ್ತೆ, ದನಿ ತಗ್ಗಿಸಿ: "ಇದನ್ನು ಮಾಡಿದವನಿಗೆ ಏನೂ ಬರುತ್ತಿರಲಿಲ್ಲ."

ಅಂದು ರಾತ್ರಿ ಹನ್ನೊಂದನ್ನೂ ಬಿಚ್ಚಿದೆ.
ಪತ್ರಿಕೆಗಳಿಗೆ ತಾರೀಖು ಇರುತ್ತದಲ್ಲ,
ತಾರೀಖಿನ ಸಾಲಿಗೆ ಉಕ್ಕನ್ನು ಜೋಡಿಸಿದೆ.
ಹದಿನಾಲ್ಕು ವರ್ಷ ಮೇಜಿನ ಮೇಲೆ.
ಮೊದಲ ಆರಕ್ಕೂ ಅದೇ ಹಿಮ್ಮಡಿ.
ಏಳನೆಯದು ರೋಸಿಹೋಗಿ ಮಾಡಿದ್ದು,
ಓರೆ ಅತಿಯಾಗಿ ಮೊನೆ ಬಿಸ್ಕತ್ತಿನ ಹಾಗೆ ಮುರಿದಿದೆ.
ಎಂಟು, ಒಂಬತ್ತು: ಭಯ ಬಿದ್ದ ಕೈ.
ಹತ್ತನೆಯದಕ್ಕೂ ಹನ್ನೊಂದಕ್ಕೂ ನಡುವೆ ನಾಲ್ಕು ವರ್ಷ.
ಆ ನಾಲ್ಕು ವರ್ಷ ಏನಾಗಿತ್ತೋ, ನಾನು ಕೇಳಿಲ್ಲ.

ಹನ್ನೊಂದನೆಯದು ಕೊರೆಯಿತು!
ಆದರೆ ಸರಳಿನ ತುದಿಯ ನಟ್ಟನಡುವೆ
ಸಾಸಿವೆಯಷ್ಟು ಗುಬುಟು ಉಳಿಯಿತು. ಮೊನೆ ತುಸು ತಗ್ಗು.
ಆಗ ನೆನಪಾಯಿತು: ಆ ಪೊಟ್ಟಣದಲ್ಲಿ
ಕಾಫಿ ಡಬ್ಬಿಯ ತಗಡಿನ ಚೂರೊಂದಿತ್ತು,
ಕಸವೆಂದು ಎಸೆದಿದ್ದೆ.
ಬುಟ್ಟಿ ಬೋರಲು ಹಾಕಿ, ಮೊಣಕಾಲೂರಿ, ಹುಡುಕಿ,
ಬಿಟ್ಟಿನ ಅಡಿಗೆ ಸೇರಿಸಿದೆ.

ಸದ್ದೇ ಇಲ್ಲ.
ನೀಲಿ ಸುರುಳಿ ಬಿಚ್ಚುತ್ತ ಬಿಚ್ಚುತ್ತ
ನನ್ನ ತೋಳಿನ ಮೇಲೆ ಬಿತ್ತು, ಬಿಸಿಬಿಸಿ,
ಚರ್ಮ ಸುಟ್ಟಿತು; ಹಾಗೇ ಬಿಟ್ಟೆ.

ಶನಿವಾರ ಸಿರ್ಕ್ಕಾ ಏಲಕ್ಕಿ ಬನ್ನು ತಂದಳು.
ಸುರುಳಿಯನ್ನು ಅವಳ ಅಂಗೈಲಿಟ್ಟೆ.
"ಕಲಿಯುತ್ತಿದ್ದ," ಎಂದೆ.
"ಹದಿನಾಲ್ಕು ವರ್ಷವೆ?" ತಿರುಗಿಸಿ ತಿರುಗಿಸಿ ನೋಡಿದಳು.
"ನನ್ನ ಕಾಫಿ ಕೆಟಲಿನ ಮುಚ್ಚಳಕ್ಕೆ ಇನ್ನೂ ಗುಂಡಿ ಇಲ್ಲ."
ನಗುತ್ತಾಳೋ ಬೈಯುತ್ತಾಳೋ ತಿಳಿಯಲಿಲ್ಲ.
ಹೊರಡುವಾಗ ಸುರುಳಿಯನ್ನು ಕೈಗವಸಿನೊಳಗೆ ಸೇರಿಸಿಕೊಂಡಳು.

ಹಿತ್ತಾಳೆಯ ತುಂಡು ಆರಿಸಿಟ್ಟಿದ್ದೇನೆ.
ಹಿತ್ತಾಳೆಗೆ ಬೇರೆಯದೇ ಓರೆಯಂತೆ, ಎನ್ಸಿಯೊ ಹೇಳಿದ.
ನಾಳೆ ಭಾನುವಾರ.
ಡಬ್ಬಿಯ ಮಂಜು ಒಡೆಯಬೇಕು.