ಹನ್ನೆರಡು ಕಿಲೋ ತೊಗರಿಬ್ಯಾಳಿ

ಮೂರು ದಿನ ಅದರ ಮ್ಯಾಲ ಏನೂ ಹೇರಲಿಲ್ಲ.
ಖಾಲಿ ಗಾಡಿ, ಖಾಲಿ ಕೈಯಿನ ನಾನು,
ಆಳಂದ ರೋಡಿನಿಂದ ರಿಂಗ್ ರೋಡಿನ ತನಕ
ನಸುಕಿನ್ಯಾಗ, ಬಿಸಲು ಏಳೂಕಿಂತ ಮೊದಲು.
ಶೋರೂಮಿನ ಹುಡುಗ ಅಂದಿದ್ದ:
ಐನೂರು ಕಿಲೋಮೀಟರ್ ಆಗೋ ತನಕ
ನಲವತ್ತು ದಾಟಬ್ಯಾಡ್ರಿ, ಇಂಜಿನ್ ಇನ್ನಾ ಎಳೀದು.
ಎಳೀದು ಅಂದ್ರ ನನಗ ತಿಳೀತದ.
ಹೊಸ ಹೊಲಿಗಿ ಮಷೀನೂ ಹಂಗೇ,
ಎಣ್ಣಿ ಬಿಟ್ಟು, ದಾರ ಹಾಕದೆ
ಒಂದು ತಾಸು ಹಗುರಕ ತುಳೀಬೇಕು,
ಕಬ್ಬಿಣಕ್ಕ ಕಬ್ಬಿಣದ ಗುರ್ತು ಹತ್ತೋ ತನಕ.

ಇಪ್ಪತ್ತೆರಡು ವರ್ಷ ಆಟೋದಾಗ ಒಯ್ದೀನಿ
ಮಂದಿಯ ಕೆಟ್ಟ ಮಷೀನುಗಳು.
‘ಮಷೀನಿಗಿ ಬ್ಯಾರೆ ರೊಕ್ಕ, ಅದೂ ಒಂದು ಸೀಟು’
ಅಂದವನಿಗಿ ಅಂದಿದ್ದೆ:
ಹಂಗಾದ್ರ ಅದರ ಹೆಸರಿಗಿ ರಸೀದಿ ಬರಿ.
ಈಗ ರಸೀದಿ ನನ್ನ ಹೆಸರಿಗೇ ಅದ.
ಜಗದೇವಿ, ತಂದಿ ಭೀಮಶಾ.
ಬಣ್ಣ: ಬೂದಿ. ಕರೀದು ಬ್ಯಾಡ ಅಂದೆ,
ಕಲಬುರಗಿ ಬಿಸಲಿಗಿ ಕರಿ ಸೀಟು ಅಂದ್ರ ಹಂಚು.

ಅದಕ್ಕೂ ಅದರದೇ ಸ್ವಭಾವ ಅದ.
ಮುಂದಿನ ಬ್ರೇಕ್ ಸಿಟ್ಟಿನದು,
ಹಿಂದಿನದು ಕೇಳಿಸಿಕೊಂಡೂ ಕೇಳಿಸದಂಗ.
ಎರಡೂ ಕೂಡಿ ಹಿಡಿದ್ರ ಮಾತು ಕೇಳತಾವ.
ಹಾರ್ನು ಬಡವರ ಮನಿ ಕರುವಿನಂಗ ಒದರತದ.
ಮಧ್ಯಾಹ್ನ ಡಾಂಬರಿನ್ಯಾಗ ಸ್ಟ್ಯಾಂಡು ಇಳೀತದ,
ಒಮ್ಮೆ ವಾಲಿ ವಾಲಿ ಬಿದ್ದೇಬಿಟ್ಟಿತು.
ಅಂದಿನಿಂದ ಡಿಕ್ಕಿಯೊಳಗ
ಅಂಗೈಯಷ್ಟು ಶಹಾಬಾದ ಫರ್ಸಿ ತುಣುಕು,
ಸ್ಟ್ಯಾಂಡಿನ ಕಾಲಿಗಿ ಚಪ್ಪಲಿ.

ನಾಲ್ಕನೇ ದಿನ ಗಂಜಿನ್ಯಾಗ ಮಷೀನಿನ ತಲಿ ತೂಗಿಸಿದೆ.
ಹನ್ನೆರಡು ಕಿಲೋ, ಮ್ಯಾಲ ಒಂದೀಟು.
‘ಅಷ್ಟೇ ತೂಕದ ಬ್ಯಾಳಿ ಕೊಡ್ರಿ.’
‘ಮನ್ಯಾಗ ಲಗ್ನ ಅದೇನ್ರಿ?’
‘ಇಲ್ರಿ, ಪರೀಕ್ಷಾ ಅದ.’

ಬ್ಯಾಳಿ ಚೀಲ ಹಿಂದಿನ ಸೀಟಿಗಿ ಕಟ್ಟಿದೆ.
ಮುಂದಿನ ಗಾಲಿ ಹಗುರಾಗಿ
ಹ್ಯಾಂಡಲ್ ಕೈಯಾಗ ಕುಣೀಲಕತ್ತಿತು,
ಸೂಪರ್ ಮಾರ್ಕೆಟಿನ ತಿರುವಿನ್ಯಾಗ
ನಾ ಒಂದು ಕಡಿ, ಚೀಲ ಒಂದು ಕಡಿ.
ಇಳಿದೆ. ಬಿಚ್ಚಿದೆ.
ಕಾಲಿಡೂ ಜಾಗದಾಗ, ಕೆಳಗ ಇಟ್ಟೆ,
ಎರಡೂ ಕಾಲು ನೆಲ ಮುಟ್ಟಲಿಕ್ಕ ದಾರಿ ಬಿಟ್ಟು.
ಗಾಡಿ ಸುಮ್ಮನಾಯಿತು.
ಭಾರಕ್ಕೂ ಕೂಡಲಿಕ್ಕ ಒಂದು ಜಾಗ ಬೇಕು ನೋಡ್ರಿ,
ಸಿಗೋ ತನಕ ಅದು ಹೊತ್ತವರನ್ನ ಬಿಡಂಗಿಲ್ಲ.

ಆರನೇ ದಿನ ಖರೇ ಮಷೀನು. ಜುಲೇಖಾಳದು.
ಸೂಜಿ ತೆಗೆದು ಚೀಟಿಯಾಗ ಸುತ್ತಿದೆ,
ಪಾದದ ಕೆಳಗ ಮಡಚಿದ ಅರಬಿ,
ಕೈಗಾಲಿ ತಿರುಗದಂಗ ದಾರ.
ಹಗ್ಗ ಹಿಡೀತದ ಖರೆ, ದಾರ್‍ಯಾಗ ಸಡಲ ಬೀಳತದ,
ಅದಕ್ಕ ಹಗ್ಗದ ಮ್ಯಾಲ ಹಳೇ ಸೈಕಲ್ ಟ್ಯೂಬು,
ಎಳದು ಎಳದು ಬಿಗಿದೆ. ಅಲುಗಿಸಿ ನೋಡಿದೆ.
ಹೆಲ್ಮೆಟ್ಟಿನ ಪಟ್ಟಿ ಗದ್ದಕ್ಕ ಕಟ್ಟಿ ಹೊಂಟೆ.

ಮಿಜಗುರಿ ಹತ್ತಿರ
ಬಣ್ಣ ಇಲ್ಲದ ಹಂಪು,
ಅದರ ಮ್ಯಾಲ ಮಲಗಿದ ನಾಯಿ.
ಎರಡೂ ಬ್ರೇಕು, ಹ್ಯಾಂಡಲ್ ನೆಟ್ಟಗ,
ಎದಿ ಡವಡವ.
ಮಷೀನು ಕೂದಲೆಳಿಯಷ್ಟೂ ಸರೀಲಿಲ್ಲ.
ಕೊಕ್ಕಿಗಿ ತೂಗಹಾಕಿದ್ದ ನನ್ನ ಬುತ್ತಿ ಮಾತ್ರ
ಹಾರಿ ಹೋಗಿ,
ರೊಟ್ಟಿ ರೋಡಿಗಿ, ಶೇಂಗಾ ಹಿಂಡಿ ನಾಯಿಗಿ.
ನಾಯಿ ಎದ್ದಿದ್ದು ಆವಾಗ.

ಜುಲೇಖಾ ನಕ್ಕು ನಕ್ಕು ಕಣ್ಣೊರಸಿಕೊಂಡಳು,
ಆಮ್ಯಾಲ ಬಿಸಿ ಅನ್ನ ಬಡಿಸಿದಳು,
ಬ್ಯಾಳಿ ಸಾರು. ನಾ ಏನೂ ಅನಲಿಲ್ಲ,
ಮನ್ಯಾಗ ವಾರದಿಂದ ಅದೇ ಉಣ್ಣಲಕತ್ತೀವಿ.
ಸೂಜಿ ಹಾಕಿದೆ. ಚಿಂದಿ ಅರಬಿಯ ಮ್ಯಾಲ
ಗೆರಿ ಕೊರದಂಗ ಹೊಲಿಗಿ ಬಂತು.

ಬಾಗಲಿಗಿ ಬಂದು ಗಾಡಿ ಸವರಿ ಕೇಳಿದಳು:
‘ನಾಳಿ ನನ್ನನ್ನೂ ಹಿಂದ ಕೂಡಸಿಕೊಂಡು ಹೋಗ್ತಿ?’
ನಾ ಅಕಿನ್ನ ತಲಿಯಿಂದ ಕಾಲ ತನಕ ನೋಡಿದೆ.
ಐವತ್ತೈದು, ಅರವತ್ತು ಕಿಲೋ.
‘ಒಂದು ವಾರ ತಡಿ,’ ಅಂದೆ,
‘ಮೊದಲು ಗಂಜಿಗಿ ಹೋಗಿ ಬರ್ತೀನಿ.’